ಸುಡದೆ ಬಿಟ್ಟ ಅರಮನೆ

1961ರ ಡಿಸೆಂಬರ್, ಎರಡನೆಯ ವಾರ. ನೀವು ನಿಂತಿರುವುದು ಮರ್ಮಗೋವಾ ಬಂದರಿನ ಧಕ್ಕೆಯ ಮೇಲೆ. ಕಬ್ಬಿಣದ ಅದಿರಿನ ಕೆಂಪು ಧೂಳು ಪೆಟ್ಟಿಗೆಗಳ ಮೇಲೆ, ಹೆಂಗಸರ ಲಂಗದ ಅಂಚಿಗೆ, ಮಕ್ಕಳ ಬಿಳಿ ಕಾಲ್ಚೀಲಕ್ಕೆ ಮೆತ್ತಿಕೊಳ್ಳುತ್ತಿದೆ. ಎದುರಿಗೆ ಒಂದು ಪೋರ್ಚುಗೀಸ್ ಹಡಗು, ಹೆಸರು ‘ಇಂಡಿಯಾ’. ತಿಮೋರಿನಿಂದ ಲಿಸ್ಬನ್ನಿಗೆ ಹೊರಟದ್ದು 9ನೇ ತಾರೀಖು ಇಲ್ಲಿ ಲಂಗರು ಹಾಕಿತ್ತು. ಅದರಲ್ಲಿ ಜಾಗ ಇರುವುದು 380 ಜನರಿಗೆ. ಹತ್ತುತ್ತಿರುವವರು ಸುಮಾರು 700 ಮಂದಿ. ಕೋಣೆಗಳು ತುಂಬಿದವು, ಓಣಿಗಳು ತುಂಬಿದವು, ಈಗ ಶೌಚಾಲಯಗಳಲ್ಲೂ ಜನ ಕೂರುತ್ತಿದ್ದಾರೆ. ಗಂಡಂದಿರು ಕೆಳಗೇ ಉಳಿಯುವವರು. ಅವರ ಮೈಮೇಲೆ ಸಮವಸ್ತ್ರವಿದೆ.

ಯಾರನ್ನೂ ಹತ್ತಿಸಬಾರದೆಂದು ಲಿಸ್ಬನ್ನಿನಿಂದ ಆಜ್ಞೆ ಬಂದಿತ್ತು. ಬಿಳಿಯರ ಕುಟುಂಬಗಳು ಹೊರಟರೆ ಪೋರ್ಚುಗಲ್ ಕೈಚೆಲ್ಲಿತು ಎಂದು ಜಗತ್ತು ಓದಿಕೊಳ್ಳುತ್ತದೆ ಎಂಬ ಭಯ. ಹತ್ತಲಿ ಎಂದವರು ಗವರ್ನರ್ ಜನರಲ್ ಮಾನುಯೆಲ್ ಅಂತೋನಿಯೊ ವಸ್ಸಾಲೊ ಇ ಸಿಲ್ವಾ. ಹೆಂಗಸರು ಮಕ್ಕಳನ್ನು ಕಳಿಸುತ್ತಾ, ಅಗತ್ಯ ಬಿದ್ದರೆ ನಾವು ಇಲ್ಲೇ ಸಾಯುತ್ತೇವೆ ಎಂದು ಪತ್ರಕರ್ತರಿಗೆ ಹೇಳಿದರು. ಇನ್ನೊಂದು ವಾರದಲ್ಲಿ ಈ ಮಾತನ್ನೂ ಅವರು ಮುರಿಯಲಿದ್ದಾರೆ. ಮುರಿದದ್ದು ಒಳ್ಳೆಯದಾಯಿತು ಎಂದು ನಾನು ನಂಬುತ್ತೇನೆ. ಅದಕ್ಕಾಗಿಯೇ ನಿಮ್ಮನ್ನು ಈ ಧಕ್ಕೆಗೆ ಕರೆತಂದದ್ದು.

ಹಡಗಿನ ಸಿಳ್ಳು ಕೇಳಿದ ಮೇಲೆ ಜುವಾರಿ ದಾಟಿ ಪಣಜಿಗೆ ಬನ್ನಿ. ಮಾಂಡವಿಯ ದಂಡೆಗೆ ಮುಖ ಮಾಡಿ ನಿಂತಿರುವ ಉದ್ದನೆಯ ಕಟ್ಟಡವೇ ಇದಲ್ಕಾಂವ್ ಅರಮನೆ, ಗವರ್ನರರ ಕಚೇರಿ. ಇದನ್ನು ಕಟ್ಟಿಸಿದ್ದು ಪೋರ್ಚುಗೀಸರಲ್ಲ, ವಿಜಾಪುರದ ಯೂಸುಫ್ ಆದಿಲ್ ಶಾಹ. 1510ರಲ್ಲಿ ಗೋವಾ ಆದಿಲ್ ಶಾಹಿಯ ಕೈತಪ್ಪಿತು. ಹೊನ್ನಾವರದ ಕಡೆಯ ತಿಮ್ಮೋಜ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ನಿಗೆ ದಾರಿ ತೋರಿದ, ಹಡಗು ಕೊಟ್ಟ, ಆಳು ಕೊಟ್ಟ. ಆ ವರ್ಷದ ಫೆಬ್ರುವರಿಯಲ್ಲಿ ಗೆದ್ದು, ಕಳೆದುಕೊಂಡು, ನವೆಂಬರಿನಲ್ಲಿ ಮತ್ತೆ ಗೆದ್ದ ಊರು ಇದು. ಆಮೇಲೆ 451 ವರ್ಷ. ಕಾರವಾರದಲ್ಲಿ ನಿಂತರೆ ಕೂಗಳತೆಯ ದೂರ, ಆದರೆ ಗಡಿಯ ಆಚೆ ಬೇರೆ ದೇಶ.

ಮೆಟ್ಟಿಲು ಹತ್ತಿ ಒಳಗೆ ಬಂದರೆ, ಮೇಜಿನ ಹಿಂದೆ ಕುಳಿತಿರುವವರಿಗೆ ಮೊನ್ನೆ ನವೆಂಬರ್ 8ಕ್ಕೆ 62 ತುಂಬಿದೆ. ಊರು ಪೋರ್ಚುಗಲ್ಲಿನ ತೋರೆಸ್ ನೋವಾಸ್. ಸೈನ್ಯದಲ್ಲಿ ಕಲಿತದ್ದು ಎಂಜಿನಿಯರ್ ಕೆಲಸ. ಕಟ್ಟುವುದು, ಅಳೆಯುವುದು, ಲೆಕ್ಕ ಹಾಕುವುದು ಗೊತ್ತಿರುವ ಮನುಷ್ಯ. 1958ರ ಕೊನೆಗೆ ಇಲ್ಲಿಗೆ ಬಂದರು. ಅವರ ಮನೆತನದಲ್ಲೇ ಇನ್ನೊಂದು ದನಿಯಿತ್ತು: ಅವರ ಅಕ್ಕ ಮರಿಯಾ ಲಾಮಾಸ್. ಪೋರ್ಚುಗಲ್ಲಿನ ಹೆಂಗಸರ ಬದುಕನ್ನು ಊರೂರು ಅಲೆದು ದಾಖಲಿಸಿದ ಲೇಖಕಿ, ಸಾಲಾಜಾರನ ಸರ್ವಾಧಿಕಾರವನ್ನು ಎದುರಿಸಿ ಜೈಲು ಕಂಡವರು. ಅಕ್ಕ ಸರ್ಕಾರದ ಕಣ್ಣಿಗೆ ಅಪರಾಧಿ, ತಮ್ಮ ಅದೇ ಸರ್ಕಾರದ ಪ್ರತಿನಿಧಿ. ಒಂದೇ ತಾಯಿಯ ಮಕ್ಕಳು ಆ ಆಡಳಿತವನ್ನು ಎರಡು ಬದಿಯಿಂದ ನೋಡಿದವರು.

ಸಿಲ್ವಾ ಬರುವ ಹೊತ್ತಿಗೆ ಗೋವಾ ದಿಗ್ಬಂಧನದಲ್ಲಿ ಬದುಕುವುದನ್ನು ರೂಢಿ ಮಾಡಿಕೊಂಡಿತ್ತು. 1954ರಲ್ಲಿ ದಾದ್ರಾ ಮತ್ತು ನಗರ ಹವೇಲಿ ಕೈಬಿಟ್ಟಿದ್ದವು. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಭಾರತ ಗಡಿ ಮುಚ್ಚಿತು. ಕ್ಯಾಸಲ್‌ರಾಕಿನಿಂದ ಘಟ್ಟ ಇಳಿಯುತ್ತಿದ್ದ ರೈಲು ನಿಂತಿತು. ಪಕ್ಕದ ಬೆಳಗಾವಿಯಿಂದ ಬರಬೇಕಾದ ತರಕಾರಿ ಬರದೆ ಆಲೂಗಡ್ಡೆ ಹಾಲೆಂಡಿನಿಂದ ಹಡಗಿನಲ್ಲಿ ಬಂತು, ಅಕ್ಕಿ ಪಾಕಿಸ್ತಾನದಿಂದ ಬಂತು. ಅದಿರು ಜಪಾನಿಗೆ, ಜರ್ಮನಿಗೆ ಹೋಯಿತು. ಅದರ ದುಡ್ಡಿನಲ್ಲಿ ಅಂಗಡಿಗಳು ವಿದೇಶಿ ಮಾಲಿನಿಂದ ತುಂಬಿದವು. ದಾಬೋಳಿಯಲ್ಲಿ ವಿಮಾನ ನಿಲ್ದಾಣ ಎದ್ದಿತು.

ಪಣಜಿಯ ಬೀದಿಯಲ್ಲಿ ನಡೆದರೆ ಇದೆಲ್ಲ ನೆಮ್ಮದಿಯಂತೆ ಕಂಡೀತು. ಅಗ್ವಾದ ಕೋಟೆಯ ಜೈಲಿನ ಗೋಡೆಗೆ ಕಿವಿಯಿಟ್ಟರೆ ಬೇರೆಯದೇ ಗೋವಾ ಇದೆ. ಸಿಲ್ವಾ ಅಧಿಕಾರದಲ್ಲಿದ್ದಾಗಲೇ, 1959ರಲ್ಲಿ, ಕವಿ ಮತ್ತು ಪತ್ರಕರ್ತ ತೆಲೊ ದೆ ಮಸ್ಕರೆನ್ಯಸ್ ಅವರನ್ನು ಬಂಧಿಸಿದರು; ಅವರು ಪೋರ್ಚುಗಲ್ಲಿನ ಜೈಲಿನಿಂದ ಬಿಡುಗಡೆಯಾದದ್ದು 1970ರಲ್ಲಿ. ಪತ್ರಿಕೆಗಳಿಗೆ ಸೆನ್ಸಾರು ಇತ್ತು, ಬಾಗಿಲು ತಟ್ಟುವ ರಹಸ್ಯ ಪೊಲೀಸರಿದ್ದರು. ಸಿಲ್ವಾ ಅವರ ಕೊನೆಯ ಮೂರು ದಿನಗಳ ನಡತೆಯನ್ನು ಮೆಚ್ಚುವವರು ಈ ಮೂರು ವರ್ಷಗಳನ್ನು ಮರೆತು ಮೆಚ್ಚಬಾರದು. ಅವರ ಸಹಿಯ ಕೆಳಗೇ ಆ ಜೈಲು ನಡೆದದ್ದು.

ಜೈಲಿನ ಗೋಡೆಯನ್ನೂ ಗಡಿಯನ್ನೂ ದಾಟಿ ಒಂದು ದನಿ ಬರುತ್ತಿತ್ತು. ಅಂಬೋಲಿ ಮತ್ತು ಕ್ಯಾಸಲ್‌ರಾಕಿನ ಕಾಡುಗಳಲ್ಲಿ ಅಡಗಿದ್ದ ರೇಡಿಯೊ ನಿಲಯ. ವಾಮನ ಸರದೇಸಾಯಿ, ಲಿಬಿಯಾ ಲೋಬೊ ಎಂಬ ಇಬ್ಬರು 1955ರಿಂದ ಕೊಂಕಣಿಯಲ್ಲಿ, ಪೋರ್ಚುಗೀಸಿನಲ್ಲಿ ಸುದ್ದಿ ಓದುತ್ತಿದ್ದರು. ಜೋಯಿಡಾದ ಜಿಗಣೆ, ಜಡಿಮಳೆಗಳ ನಡುವೆ ನಡೆದ ಈ ಪ್ರಸಾರವನ್ನು ಗೋವಾದ ಮನೆಗಳಲ್ಲಿ ಕಿಟಕಿ ಮುಚ್ಚಿಕೊಂಡು ಕೇಳುತ್ತಿದ್ದರು. ಗವರ್ನರರು ಶರಣಾಗಬೇಕೆಂಬ, ಭಾರತದ ರಕ್ಷಣಾ ಸಚಿವ ಕೃಷ್ಣ ಮೆನನ್ನರ ಸಂದೇಶ ಕೊನೆಗೆ ಈ ನಿಲಯದ ಮೂಲಕವೇ ಹೊರಟಿತು.

ಕಿಡಿ ಹೊತ್ತಿದ್ದು ನಮ್ಮ ಕಡಲಿನಲ್ಲಿ. ಕಾರವಾರದ ಬಿಣಗಾ ದಂಡೆಯಿಂದ ಕಣ್ಣಿಗೆ ಕಾಣುವ ಅಂಜದೀವ ಪೋರ್ಚುಗೀಸರ ದ್ವೀಪ. ನವೆಂಬರ್ 24ರಂದು ಅದರ ಹತ್ತಿರ ಸಾಗುತ್ತಿದ್ದ ‘ಸಾಬರಮತಿ’ ಹಡಗಿನ ಮೇಲೆ ದ್ವೀಪದಿಂದ ಗುಂಡು ಹಾರಿತು. ಡಿಸೆಂಬರ್ ಮೊದಲ ವಾರದಿಂದ ಬೆಳಗಾವಿಯ ರಸ್ತೆಗಳಲ್ಲಿ ಲಾರಿ, ಫಿರಂಗಿ, ಸೈನಿಕರು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಡಿವಿಷನ್, ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್, ಸಾಂಬ್ರಾದಲ್ಲಿ ಹಂಟರ್ ವಿಮಾನಗಳು.

ಇದಲ್ಕಾಂವಿನ ಆ ಮೇಜಿನ ಮೇಲೆ ಈಗ ಎಂಜಿನಿಯರನೊಬ್ಬ ಮಾಡಬಹುದಾದ ಲೆಕ್ಕ ಹರಡಿದೆ. ಕೈಯಲ್ಲಿರುವ ಸೈನಿಕರು ಸುಮಾರು 3,500. ಅಂಗೋಲಾದಲ್ಲಿ ಯುದ್ಧ ಹೊತ್ತಿದ ವರ್ಷ ಅದು. ಆಫ್ರಿಕಾವನ್ನು ಉಳಿಸಿಕೊಳ್ಳುವ ಆತುರದಲ್ಲಿ ಗೋವಾದ ಪಡೆ ಕರಗಿತ್ತು. ಹೋರಾಡುವ ವಿಮಾನ ಒಂದೂ ಇಲ್ಲ. ವಿಮಾನ ಹೊಡೆಯುವ ಫಿರಂಗಿ ಇದ್ದೂ ಇಲ್ಲದಂತೆ. ಬಂದರಿನಲ್ಲಿ 1930ರ ದಶಕದ ‘ಅಫೊನ್ಸೊ ದೆ ಅಲ್ಬುಕರ್ಕ್’ ಎಂಬ ಒಂದೇ ಯುದ್ಧನೌಕೆ. ಎದುರಿಗೆ ಹತ್ತು ಪಟ್ಟು ಸೈನ್ಯ, ಜೊತೆಗೆ ನೌಕಾಪಡೆ, ವಾಯುಪಡೆ. ಗೋವಾದಲ್ಲಿದ್ದ ಪೋರ್ಚುಗೀಸ್ ಸೈನಿಕರ ನಡುವೆ ಉಳಿದುಬಂದ ಕಥೆಯೊಂದಿದೆ. ಟ್ಯಾಂಕು ಹೊಡೆಯುವ ಗ್ರೆನೇಡುಗಳಿಗೆ ಇಲ್ಲಿಂದ ಗುಪ್ತ ಭಾಷೆಯಲ್ಲಿ ‘ಸಾಸೇಜ್ ಕಳಿಸಿ’ ಎಂದು ಬರೆದರಂತೆ, ಲಿಸ್ಬನ್ನಿನಿಂದ ನಿಜವಾದ ಸಾಸೇಜೇ ಬಂತಂತೆ. ತಮ್ಮನ್ನು ಎಷ್ಟು ದೂರದಲ್ಲಿ ಬಿಟ್ಟಿದ್ದರು ಎಂಬ ಸಂಕಟ ಆ ಕಥೆಯಲ್ಲಿದೆ.

ಡಿಸೆಂಬರ್ 14. ಸಾಲಾಜಾರನ ತಂತಿ ಬಂದಿದೆ. ಗವರ್ನರರ ಹೆಗಲ ಮೇಲಿಂದ ಬಗ್ಗಿ ನೀವೂ ಓದಿ. ಸಂಪೂರ್ಣ ಬಲಿದಾನವಾದರೂ ಸರಿ, ಪರಂಪರೆಗೆ ಅದೇ ತಕ್ಕದ್ದು ಎನ್ನುತ್ತದೆ. ಕದನವಿರಾಮವಿಲ್ಲ, ಪೋರ್ಚುಗೀಸ್ ಕೈದಿಗಳೂ ಇರಕೂಡದು. ನಮ್ಮ ಸೈನಿಕರು, ನಾವಿಕರು ಗೆದ್ದಿರಬೇಕು ಇಲ್ಲವೇ ಸತ್ತಿರಬೇಕು. ಕನಿಷ್ಠ ಎಂಟು ದಿನ ತಡೆದು ನಿಲ್ಲಿ. ಆ ಎಂಟು ದಿನಗಳಲ್ಲಿ ಲೋಕದ ಅಭಿಪ್ರಾಯವನ್ನು ಭಾರತದ ವಿರುದ್ಧ ಎಬ್ಬಿಸಬಹುದೆಂಬ ಎಣಿಕೆ. ಇದರ ಜೊತೆಗೆ, ಶತ್ರುವಿಗೆ ಏನೂ ಸಿಗದಂತೆ ಕಟ್ಟಡಗಳನ್ನು ನಾಶಮಾಡಿ ಎಂಬ ಸೂಚನೆಯೂ ಇತ್ತು.

ಎಂಟು ದಿನ ಎಂದರೆ ಏನು? ಫೊಂಟೈನ್ಯಸಿನ ಹಳದಿ, ನೀಲಿ ಗೋಡೆಯ ಮನೆಗಳ ಒತ್ತಿನಲ್ಲಿ ಶೆಲ್ ಬೀಳುವುದು. ಮಡಗಾಂವದ ಪೇಟೆ, ಮಾಪುಸಾದ ಶುಕ್ರವಾರದ ಸಂತೆ, ಓಲ್ಡ್ ಗೋವಾದ ಇಗರ್ಜಿಗಳ ನಡುವೆ ಹೋರಾಟ. ಪೋರ್ಚುಗಲ್ಲಿನ ಹಳ್ಳಿಯಿಂದ ಕಡ್ಡಾಯ ಸೇವೆಗೆ ಬಂದ ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗರು ಯಾವುದೋ ಗದ್ದೆಯ ಬದುವಿನಲ್ಲಿ ಸಾಯುವುದು. ಸಾಯಬೇಕೆಂದು ಬರೆದವನು ಸಾವಿರಾರು ಮೈಲಿ ದೂರದ ಕೋಣೆಯಲ್ಲಿ ಕುಳಿತಿದ್ದ, ಗೋವಾಕ್ಕೆ ಒಮ್ಮೆಯೂ ಬಂದವನಲ್ಲ. ನನಗೆ ಈ ತಂತಿಯನ್ನು ಸಮಾಧಾನದಿಂದ ಓದಲು ಆಗುವುದಿಲ್ಲ. ತನ್ನದಲ್ಲದ ಜೀವಗಳನ್ನು ಒತ್ತೆಯಿಟ್ಟು ತನ್ನ ಗೌರವವನ್ನು ಕೊಳ್ಳಲು ಹೊರಟ ಮುದುಕನ ಕಾಗದ ಅದು.

ಕಟ್ಟಡಗಳನ್ನು ನಾಶಮಾಡುವ ಸೂಚನೆಯನ್ನು ಸಿಲ್ವಾ ಪಾಲಿಸಲಿಲ್ಲ. ಪೂರ್ವದಲ್ಲಿ ನಮ್ಮ ಹಿರಿಮೆಗೆ ಸಾಕ್ಷಿಯಾಗಿ ನಿಂತದ್ದನ್ನು ನಾನು ಕೆಡವಲಾರೆ ಎಂಬುದು ಅವರು ಕೊಟ್ಟ ಕಾರಣವೆಂದು ದಾಖಲಾಗಿದೆ. ಗೋವಾದ ಜನ ನಮ್ಮವರಲ್ಲ, ಅವರ ಊರನ್ನು ಸುಡುವ ಹಕ್ಕು ನಮಗಿಲ್ಲ ಎಂದೇನೂ ಅವರು ಹೇಳಲಿಲ್ಲ. ಸಾಮ್ರಾಜ್ಯದ ಅಭಿಮಾನದಿಂದಲೇ ಸಾಮ್ರಾಜ್ಯದ ಆಜ್ಞೆಯನ್ನು ತಿರಸ್ಕರಿಸಿದರು. ಕಾರಣ ಏನೇ ಇರಲಿ, ಪಣಜಿಗೆ ಬೆಂಕಿ ಬೀಳಲಿಲ್ಲ.

ಈಗ ಡಿಸೆಂಬರ್ 18ರ ಬೆಳಗು. ದಾಬೋಳಿಯ ಮೇಲೆ ಕ್ಯಾನ್‌ಬೆರಾ ವಿಮಾನಗಳು ಬಂದಿವೆ. ನೆಲ ನಡುಗುತ್ತದೆ, ವಾಸ್ಕೊದ ಮನೆಗಳ ಕಿಟಕಿ ಗಾಜು ಗಲಗಲ ಎನ್ನುತ್ತದೆ. ಬಾಂಬುಗಳೆಲ್ಲ ರನ್‌ವೇ ಮೇಲೆ; ನಿಲ್ದಾಣದ ಕಟ್ಟಡಕ್ಕೆ ಪೆಟ್ಟಾಗಬಾರದೆಂದು ಭಾರತದ ಪೈಲಟ್‌ಗಳಿಗೆ ಹೇಳಿ ಕಳಿಸಿದ್ದರು. ಹಂಟರ್‌ಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಹೊಡೆಯುತ್ತವೆ. ಅಲ್ಲಿಗೆ ಗವರ್ನರರಿಗೂ ಲಿಸ್ಬನ್ನಿಗೂ ಮಾತು ಕಡಿಯುತ್ತದೆ. ಇನ್ನು ಮೇಲೆ ಏನು ಮಾಡಬೇಕೆಂದು ಹೇಳುವವರಿಲ್ಲ. ಹೇಳಬೇಕಾದದ್ದನ್ನು 14ರಂದೇ ಹೇಳಿಯಾಗಿದೆ.

ಪಡೆಗಳು ಹಿಂದೆ ಸರಿಯುತ್ತಾ ಮೊದಲೇ ಹೊಸೆದ ಯೋಜನೆಯಂತೆ ಸೇತುವೆಗಳನ್ನು ಸಿಡಿಸುತ್ತಿವೆ. ಬೋರಿಯ ಸೇತುವೆ ಹೋಯಿತು. ಉತ್ತರದಿಂದ ದೋಡಾಮಾರ್ಗ, ಪೂರ್ವದಿಂದ ಮೊಲ್ಲೆಂ, ಎರಡೂ ಕಡೆಯಿಂದ ಭಾರತದ ಸೈನ್ಯ ಇಳಿಯುತ್ತಿದೆ. ಶತ್ರುವಿನ ಕಣ್ಣು ದಕ್ಷಿಣಕ್ಕೂ ಹರಿಯಲೆಂದು ಮಾಜಾಳಿಯಿಂದ ಕಾಣಕೋಣದ ಕಡೆಗೆ ಒಂದು ಸಣ್ಣ ತುಕಡಿ. ಮಧ್ಯಾಹ್ನದ ಹೊತ್ತಿಗೆ ಬಂದರಿನ ಬಾಯಲ್ಲಿ ‘ಬೆತ್ವಾ’, ‘ಬಿಯಾಸ್’ ನೌಕೆಗಳು. ‘ಅಫೊನ್ಸೊ ದೆ ಅಲ್ಬುಕರ್ಕ್’ ಒಂಟಿಯಾಗಿ ಕಾದಾಡಿ, ಕಪ್ತಾನ ಅರಗಾಂವ್ ತೀವ್ರವಾಗಿ ಗಾಯಗೊಂಡು, ದೋನಾ ಪಾವ್ಲಾದ ಹತ್ತಿರ ದಡಕ್ಕೆ ಒರಗಿತು. 1510ರ ವಿಜೇತನ ಹೆಸರು ಹೊತ್ತ ಹಡಗು ಅವನು ಗೆದ್ದ ನೀರಿನಲ್ಲೇ ಮುಗಿಯಿತು.

ಕಾರವಾರದ ದಂಡೆಯಲ್ಲಿರುವವರಿಗೆ ಅದೇ ಹೊತ್ತು ಬೇರೊಂದು ಸದ್ದು ಕೇಳುತ್ತಿದೆ. ‘ಮೈಸೂರು’, ‘ತ್ರಿಶೂಲ್’ ನೌಕೆಗಳಿಂದ ನಾವಿಕರ ತಂಡ ಅಂಜದೀವಕ್ಕೆ ಇಳಿದಿದೆ. ಬಿಳಿ ಬಾವುಟ ಹಾರಿಸಿದ ಮೇಲೂ ದ್ವೀಪದಿಂದ ಗುಂಡು ಬಂತೆಂಬುದು ನಮ್ಮ ನೌಕಾಪಡೆಯ ದಾಖಲೆ. ಏಳು ನಾವಿಕರು ಅಲ್ಲೇ ಬಿದ್ದರು. ಇಡೀ ಕಾರ್ಯಾಚರಣೆಯಲ್ಲಿ ಭಾರತ ಕಳೆದುಕೊಂಡದ್ದು 22 ಜನರನ್ನು. ಮೂರರಲ್ಲಿ ಒಂದು ಪಾಲು ಈ ಪುಟ್ಟ ದ್ವೀಪದಲ್ಲಿ. ಇವತ್ತು ಸೀಬರ್ಡ್ ನೌಕಾನೆಲೆಯ ಅಲೆತಡೆಗೋಡೆ ಆ ದ್ವೀಪವನ್ನು ನೆಲಕ್ಕೆ ಜೋಡಿಸಿದೆ. ಅವರ ಸ್ಮಾರಕ ಅಲ್ಲಿದೆ. ಕಾರವಾರದ ಮಕ್ಕಳಿಗೆ ಅವರ ಕಥೆಯನ್ನು ಶಾಲೆಯಲ್ಲೇ ಹೇಳಬೇಕು.

18ರ ರಾತ್ರಿ. ದಾಬೋಳಿಯಲ್ಲಿ ಎರಡು ನಾಗರಿಕ ವಿಮಾನಗಳು ಇನ್ನೂ ಉಳಿದಿವೆ. ರನ್‌ವೇ ಮೇಲಿನ ಗುಂಡಿಗಳನ್ನು ಕತ್ತಲಲ್ಲಿ ತರಾತುರಿಯಿಂದ ಮುಚ್ಚುತ್ತಿದ್ದಾರೆ. ದೀಪ ಹಚ್ಚದೆ, ಕಡಲಿಗೆ ತಾಗುವಷ್ಟು ಕೆಳಗೆ ಹಾರಿ ಎರಡೂ ಕರಾಚಿಗೆ ತಪ್ಪಿಸಿಕೊಂಡವು. ಅವುಗಳಲ್ಲಿ ಒಂದರಲ್ಲಿ ಗವರ್ನರರಿಗೊಂದು ಸೀಟು ಸಿಗದೇ ಇರುತ್ತಿರಲಿಲ್ಲ. ಅವರು ಹೋಗಲಿಲ್ಲ.

19ರ ಬೆಳಿಗ್ಗೆ ಸಗತ್ ಸಿಂಗರ ಜವಾನರು ಬೇತಿಯಿಂದ ಮಾಂಡವಿ ದಾಟಿ ಪಣಜಿಯ ದಂಡೆಗೆ ಕಾಲಿಟ್ಟಾಗ ಎದುರಿಸುವವರಿರಲಿಲ್ಲ. ಇದಲ್ಕಾಂವಿನ ಕಿಟಕಿ ಬಾಗಿಲುಗಳು ಇದ್ದಂತೆಯೇ ಇದ್ದವು. ಮನೆಗಳಿಂದ ಜನ ಹೊರಬಂದರು, ಮೊದಲು ಅಳುಕುತ್ತಾ, ಆಮೇಲೆ ಕೂಗುತ್ತಾ. ಅಗ್ವಾದದ ಬಾಗಿಲು ತೆರೆಯಿತು. ಅದನ್ನು ತೆರೆಸುವಾಗ ಮೇಜರ್ ಶಿವದೇವ್ ಸಿಂಗ್ ಸಿಧು ಪ್ರಾಣ ಕೊಟ್ಟರು.

ಗವರ್ನರರು ಆಗ ಜುವಾರಿಯ ಈಚೆ, ವಾಸ್ಕೊದಲ್ಲಿ. ಕೊನೆಯ ಹೋರಾಟ ಈ ಮರ್ಮಗೋವಾ ಚಾಚಿನಲ್ಲಿ ಎಂದು ಯೋಜನೆಯಿತ್ತು. ಮೂರು ಕಡೆ ನೀರು, ನೀರಿನ ಮೇಲೆ ಭಾರತದ ನೌಕೆಗಳು, ಮೇಲೆ ವಿಮಾನಗಳು, ನಾಲ್ಕನೆಯ ಕಡೆಯಿಂದ 63ನೇ ಬ್ರಿಗೇಡ್ ಹತ್ತಿರವಾಗುತ್ತಿದೆ. ಹಿಂದೆ ಸರಿದು ಬಂದ ಸೈನಿಕರು ದಣಿದು ಬ್ಯಾರಕ್ಕಿನ ಗೋಡೆಗೆ ಒರಗಿದ್ದಾರೆ. ಅವರ ನಡುವೆಯೇ ವಾಸ್ಕೊದ ಸಂಸಾರಗಳು: ಬಂದರಿನ ಕೂಲಿಗಳು, ರೈಲ್ವೆ ನೌಕರರು, ಅಂಗಡಿಯವರು. ಅಧಿಕಾರಿಗಳ ಸಭೆ ಕೂಡಿತು. ಆಮೇಲೆ ಗವರ್ನರರು ಹೊರಡಿಸಿದ ಆದೇಶದಲ್ಲಿ ಎರಡೂ ಕಡೆಯ ಬಲದ ಅಂತರದ ಮಾತಿದೆ. ಹೋರಾಟ ಮುಂದುವರಿಸಿದರೆ ವಾಸ್ಕೊದ ನಿವಾಸಿಗಳ ಜೀವ ದೊಡ್ಡ ಸಂಖ್ಯೆಯಲ್ಲಿ ಬಲಿಯಾಗುತ್ತದೆ ಎಂಬ ಮಾತಿದೆ. ಗುಂಡು ಹಾರಿಸುವುದನ್ನು ನಿಲ್ಲಿಸಿ ಎಂಬ ಆಜ್ಞೆಯಿದೆ. ಆ ನಿವಾಸಿಗಳ ಹೆಸರನ್ನು ಎತ್ತಿದ್ದು ಸುಮ್ಮನೆ ನೆಪಕ್ಕೆಂದು ಯಾರಾದರೂ ಹೇಳಬಹುದು. ವಾಸ್ಕೊದ ಆ ಬೀದಿಗಳ ಅಗಲ ನೋಡಿದವರಿಗೆ ಅದು ನೆಪ ಅನ್ನಿಸುವುದಿಲ್ಲ.

ರಾತ್ರಿ ಎಂಟೂವರೆ. ಕತ್ತಲಲ್ಲಿ ವಾಹನಗಳ ಹೆಡ್‌ಲೈಟಿನ ಬೆಳಕು. ನೀವು ಆ ಬೆಳಕಿನ ಅಂಚಿನಲ್ಲಿ ನಿಂತಿದ್ದೀರಿ. ಒಂದು ಕಡೆ ಭಾರತದ ಬ್ರಿಗೇಡಿಯರ್ ಕೆ.ಎಸ್. ಧಿಲ್ಲೋನ್, ಇನ್ನೊಂದು ಕಡೆ ಅಟೆನ್ಷನ್‌ನಲ್ಲಿ ನಿಂತ 62ರ ಜನರಲ್. ಹಿಂದೆ ಸಾಲುಗಟ್ಟಿದ ಪೋರ್ಚುಗೀಸ್ ಸೈನಿಕರು. ಕಾಗದಕ್ಕೆ ಸಹಿ ಬೀಳುತ್ತದೆ. ಎಂಟು ದಿನ ಕೇಳಿದ್ದ ಯುದ್ಧ ಎರಡೇ ದಿನದೊಳಗೆ ಮುಗಿಯಿತು. ಪೋರ್ಚುಗೀಸರ ಕಡೆ ಸತ್ತವರು ಸುಮಾರು 30. ಸೆರೆ ಸಿಕ್ಕವರು ಮೂರು ಸಾವಿರಕ್ಕೂ ಹೆಚ್ಚು. ತಂತಿಯ ಪ್ರಕಾರ ಇವರಲ್ಲಿ ಒಬ್ಬನೂ ಉಳಿದಿರಬಾರದಿತ್ತು.

ಲಿಸ್ಬನ್ನಿನಲ್ಲಿ ಆ ಕ್ರಿಸ್‌ಮಸ್ ಸಪ್ಪೆಯಾಯಿತು. ಚಿತ್ರಮಂದಿರಗಳು ಮುಚ್ಚಿದವು, ಸಂತ ಫ್ರಾನ್ಸಿಸ್ ಜೇವಿಯರನ ಅವಶೇಷವನ್ನು ಹೊತ್ತು ಸಾವಿರಾರು ಜನ ಮೌನವಾಗಿ ಮೆರವಣಿಗೆ ನಡೆದರು. ಆದರೆ ಗೋವಾದ ಶಿಬಿರಗಳಲ್ಲಿದ್ದ ತನ್ನದೇ ಸೈನಿಕರ ಬಗ್ಗೆ ಸರ್ಕಾರ ತಣ್ಣಗಿತ್ತು. ಅವರನ್ನು ಯಾವ ದಾರಿಯಲ್ಲಿ ಕರೆಸಿಕೊಳ್ಳಬೇಕೆಂಬ ಜಗ್ಗಾಟದಲ್ಲೇ ತಿಂಗಳುಗಳು ಹೋದವು. 1962ರ ಮೇನಲ್ಲಿ ವಿಮಾನದಲ್ಲಿ ಕರಾಚಿಗೆ, ಅಲ್ಲಿಂದ ಹಡಗಿನಲ್ಲಿ ಊರಿಗೆ. ಲಿಸ್ಬನ್ನಿನ ಧಕ್ಕೆಯಲ್ಲಿ ಬಂದೂಕು ಹಿಡಿದ ಮಿಲಿಟರಿ ಪೊಲೀಸರು ಅವರಿಗಾಗಿ ಕಾದಿದ್ದರು. ಮಕ್ಕಳನ್ನು ನೋಡಲು ಬಂದ ತಾಯಂದಿರಿಗೂ ಮಕ್ಕಳಿಗೂ ನಡುವೆ ಆ ಬಂದೂಕುಗಳಿದ್ದವು.

1963ರ ಮಾರ್ಚ್ 22ರಂದು ಸಿಲ್ವಾ ಅವರನ್ನೂ ಅವರ ಹಲವು ಅಧಿಕಾರಿಗಳನ್ನೂ ಸೈನ್ಯದಿಂದ ಹೊರಹಾಕಿದರು. ಇನ್ನು ಕೆಲವರಿಗೆ ಆರು ತಿಂಗಳ ಅಮಾನತು. ಜೀವಮಾನವಿಡೀ ಹೇಳಿದ್ದನ್ನು ಮಾಡಿಕೊಂಡು ಬಂದ ಅಧಿಕಾರಿ ಹೇಳಿದಂತೆ ಮಾಡದ ಕೆಲವೇ ದಿನಗಳಿಗಾಗಿ ಹುದ್ದೆ, ಮರ್ಯಾದೆ ಎಲ್ಲ ಕಳೆದುಕೊಂಡರು. ಅಷ್ಟರಲ್ಲಿ ಅಕ್ಕ ಮರಿಯಾ ಲಾಮಾಸ್ ದೇಶ ಬಿಟ್ಟು ಪ್ಯಾರಿಸ್ಸಿನಲ್ಲಿದ್ದರು. ಎರಡು ಬೇರೆ ಬೇರೆ ದಾರಿಯಿಂದ ಹೊರಟ ಅಕ್ಕ ತಮ್ಮ ಇಬ್ಬರನ್ನೂ ಒಂದೇ ಸರ್ಕಾರ ಹೊರಗೆ ನಿಲ್ಲಿಸಿತ್ತು.

ಈ ಶಿಕ್ಷೆಯನ್ನು ಸೈನ್ಯದ ಕಿರಿಯ ಅಧಿಕಾರಿಗಳು ನೋಡುತ್ತಿದ್ದರು. ಗೆಲ್ಲಲಾಗದ ಯುದ್ಧಕ್ಕೆ ತಳ್ಳಿ, ಸೋತಾಗ ಸೋತವರನ್ನೇ ದೇಶದ್ರೋಹಿಗಳೆನ್ನುವ ಸರ್ಕಾರ ನಾಳೆ ಅಂಗೋಲಾ, ಗಿನಿ, ಮೊಜಾಂಬಿಕ್‌ಗಳಲ್ಲಿ ತಮಗೂ ಅದನ್ನೇ ಮಾಡೀತು ಎಂಬ ಅರಿವು ಅವರಲ್ಲಿ ಬೇರೂರಿತು. 1974ರ ಏಪ್ರಿಲ್ 25ರಂದು ಕೋವಿಯ ಬಾಯಿಗೆ ಕೆಂಪು ಕಾರ್ನೇಶನ್ ಹೂ ಸಿಕ್ಕಿಸಿಕೊಂಡು ಲಿಸ್ಬನ್ನಿನ ಬೀದಿಗಿಳಿದ ಸೈನಿಕರ ಹಿಂದೆ ಗೋವಾದ ಆ ನೆನಪೂ ಇತ್ತೆಂದು ನಾನು ಓದಿಕೊಳ್ಳುತ್ತೇನೆ. ಹೊಸ ಸರ್ಕಾರ ಸಿಲ್ವಾ ಅವರ ಹುದ್ದೆಯನ್ನು ಮರಳಿಸಿತು. ಅದೇ ವರ್ಷದ ಡಿಸೆಂಬರ್ 31ರಂದು ಅದರ ವಿದೇಶಾಂಗ ಸಚಿವ ಮಾರಿಯೊ ಸೊವಾರೆಸ್ ದೆಹಲಿಗೆ ಬಂದು, ಗೋವಾ ಭಾರತದ್ದೆಂದು ಒಪ್ಪುವ ಒಪ್ಪಂದಕ್ಕೆ ಸಹಿ ಹಾಕಿದರು.

1980ರಲ್ಲಿ ಎಂಬತ್ತರ ಮುದುಕರೊಬ್ಬರು ಗೋವಾಕ್ಕೆ ಬಂದಿಳಿದರು. ಜನ ಆದರದಿಂದ ಬರಮಾಡಿಕೊಂಡರು. ಜೈಲು ಕಂಡವರ ಊರು ಅದು, ಗುಂಡಿಗೆ ಬಲಿಯಾದವರ ಊರು. ಆದರೂ ಬಾಗಿಲು ಹಾಕಲಿಲ್ಲ. ಐದು ವರ್ಷಗಳ ನಂತರ, 1985ರ ಆಗಸ್ಟಿನಲ್ಲಿ, ಸಿಲ್ವಾ ಲಿಸ್ಬನ್ನಿನಲ್ಲಿ ತೀರಿಕೊಂಡರು.

ಅವರು ಸುಡದೆ ಬಿಟ್ಟ ಇದಲ್ಕಾಂವ್ ಅರಮನೆಯಲ್ಲಿ 1964ರ ಜನವರಿ 9ರಂದು ಗೋವಾದ ಜನ ತಾವೇ ಆರಿಸಿದ ಶಾಸಕರ ಮೊದಲ ಅಧಿವೇಶನ ಸೇರಿತ್ತು. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೇ ಬೇಡವೇ ಎಂಬ ಜಗಳ, ಕೊಂಕಣಿ ಮರಾಠಿಗಳ ಜಗಳ, ಉಳುವವನಿಗೆ ನೆಲ ಕೊಡುವ ಮಾತು, ಎಲ್ಲವೂ ವರ್ಷಗಟ್ಟಲೆ ಅದೇ ಗೋಡೆಗಳ ನಡುವೆ ನಡೆದವು.